ಗಾಣದ ಬೀದಿಯ ಕಾಗೆ ಪರೀಕ್ಷೆ

ನಮ್ಮ ಬೀದಿ ಅವತ್ತು ಬೆಳಿಗ್ಗೆ ಕೆರೆಯ ಪಕ್ಕದಲ್ಲಿತ್ತು. ಮಧ್ಯಾಹ್ನ ಬಟ್ಟೆ ಒಣಹಾಕಲು ಹೊರಗೆ ಬಂದರೆ ಬಸ್ಸುಗಳ ಹಾರ್ನು ಕೇಳಿಸಿತು. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಊರಿನ ಬೀದಿಗಳು ಒಂದೆಡೆ ನಿಲ್ಲುವ ಜಾತಿಯವಲ್ಲ. ಮನಸ್ಸು ಬಂದಾಗ ಎದ್ದು ಹೊರಡುತ್ತವೆ, ಮತ್ತೆಲ್ಲೋ ಹೋಗಿ ಕೂರುತ್ತವೆ. ಮದುವೆಯ ಕಾಗದದಲ್ಲಿ ಇಲ್ಲಿ ಯಾರೂ ವಿಳಾಸ ಹಾಕಿಸುವುದಿಲ್ಲ. ಹೆಣ್ಣು ನೋಡಲು ಬಂದವರು ದಾರಿ ತಪ್ಪಿ ಬೇರೆ ಮನೆಯ ಹೆಣ್ಣನ್ನು ಒಪ್ಪಿ ಹೋದದ್ದೂ ಉಂಟು. ಆ ಜೋಡಿ ಚೆನ್ನಾಗಿಯೇ ಇದೆ. ಕೆರೆ, ಬಸ್ ನಿಲ್ದಾಣ, ನೀರಿನ ಟ್ಯಾಂಕು, ಆಸ್ಪತ್ರೆ, ಇಷ್ಟು ಮಾತ್ರ ಕದಲುವುದಿಲ್ಲ. ಉಳಿದದ್ದಕ್ಕೆಲ್ಲ ಕೈಮರವನ್ನು ಕೇಳಬೇಕು.

ಕೈಮರ ಎಂದರೆ ನಾವೇ ಸೇರಿ ಕಟ್ಟಿಕೊಂಡ ಸಾಫ್ಟ್‌ವೇರು. ಪ್ರತಿ ಬೀದಿಯ ಬಾಯಲ್ಲೂ ಒಂದು ಕಂಬ, ಕಂಬಕ್ಕೊಂದು ಮರದ ಕೈ, ಕೈಯ ಕೆಳಗೊಂದು ಒತ್ತುವ ಗುಂಡಿ. ಬೀದಿ ಜಾಗ ಬದಲಿಸಿದಾಗ ಕಂಬ ಕಾಯುವವರು ಮರದ ಕೈಯನ್ನು ಹೊಸ ಜಾಗದ ಕಡೆಗೆ ತಿರುಗಿಸಿ ಗುಂಡಿ ಒತ್ತುತ್ತಾರೆ. ಒತ್ತಿದರೆ "ಇಲ್ಲಿಗೆ ಬಂದೆವು" ಎಂದು ಹೇಳಿದಂತೆ. ಅದನ್ನು ಕೇಳಿಸಿಕೊಂಡ ಕೈಮರ ಎಲ್ಲರ ಫೋನಿಗೂ ದಾರಿ ಹೇಳುತ್ತದೆ. ಇದು ಯಾರೊಬ್ಬರ ಸ್ವತ್ತೂ ಅಲ್ಲ. ಕೋಡ್ ತೆರೆದೇ ಇದೆ, ಬಲ್ಲವರು ಯಾರು ಬೇಕಾದರೂ ತಿದ್ದಬಹುದು. ಸಂಬಳವಿಲ್ಲ, ಬೈಗುಳ ಧಾರಾಳ. ನಾನು ರವಿಕೆ ಹೊಲಿಯುವವಳು. ಹೊಲಿಗೆಯ ಬಿಡುವಿನಲ್ಲಿ ಕೋಡ್ ತಿದ್ದುತ್ತೇನೆ. ತಿದ್ದಿದ್ದನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಕೊನೆಗೆ ಹೇಳುವವನು ಹಿಟ್ಟಿನ ಗಿರಣಿಯ ಇಂದುಧರ. ಒಳ್ಳೆಯ ಮನುಷ್ಯ, ಆದರೆ ಅವನಿಗೆ ಎಲ್ಲವೂ ಗಿರಣಿಯ ಹಿಟ್ಟಿನ ಹಾಗೆ ಬೇಗ ಕೆಳಗೆ ಬೀಳಬೇಕು.

ಇಂದುಧರ ಹೂಂ ಎನ್ನಬೇಕಾದರೆ ಪರೀಕ್ಷೆಗಳೆಲ್ಲ ಹಸಿರಾಗಬೇಕು. ಟ್ಯಾಂಕಿನ ಬುಡದ ಕೋಣೆಯಲ್ಲಿ ಒಂದು ಕಂಪ್ಯೂಟರು ಇದೆ. ಅದು ತಾನೇ ದಾರಿಹೋಕನಂತೆ ನಟಿಸಿ ಕೈಮರವನ್ನು ದಾರಿ ಕೇಳುತ್ತದೆ, ಬಂದ ಉತ್ತರವನ್ನು ಟ್ಯಾಂಕಿನ ತುದಿಯ ಕ್ಯಾಮೆರಾ ಕಂಡದ್ದರ ಜೊತೆ ಹೋಲಿಸಿ ನೋಡುತ್ತದೆ. ಒಂದಾದರೆ ಹಸಿರು ದೀಪ, ಬೇರೆಯಾದರೆ ಕೆಂಪು. ಕ್ಯಾಮೆರಾ ಬಿಸಿಲಿದ್ದಾಗಷ್ಟೇ ನೆಟ್ಟಗೆ ಕಾಣುವಂಥದ್ದು, ಆದ್ದರಿಂದ ದಿನದ ಬಳಕೆಗೆ ಅದನ್ನು ನಂಬುವಂತಿಲ್ಲ; ಪರೀಕ್ಷೆಗೆ ಸಾಕು. ಬೀದಿಗೊಂದು ಪರೀಕ್ಷೆ. ಎಲ್ಲವೂ ಸರಿಯಾಗಿದ್ದವು, ನಮ್ಮ ಗಾಣದ ಬೀದಿಯದೊಂದನ್ನು ಬಿಟ್ಟು. ಅದು ಒಮ್ಮೆ ಹಸಿರು, ಒಮ್ಮೆ ಕೆಂಪು. ಕೋಡಿನಲ್ಲಿ ಒಂದಕ್ಷರವನ್ನೂ ಮುಟ್ಟದೆ ಮತ್ತೆ ಓಡಿಸಿದರೆ ಹಸಿರು. ಕ್ಯಾಮೆರಾದ ಮುಂದೆ ಕಾಗೆ ಬಂದು ಕೂರುತ್ತದೆ, ಅದಕ್ಕೇ ಹೀಗೆ ಎಂದು ಯಾರೋ ಒಮ್ಮೆ ಅಂದರು. ಅಲ್ಲಿಂದ ಅದಕ್ಕೆ ಕಾಗೆ ಪರೀಕ್ಷೆ ಎಂದೇ ಹೆಸರಾಯಿತು. ಕೆಂಪು ಹತ್ತಿದರೆ "ಕಾಗೆ ಕೂತೈತೆ, ಇನ್ನೊಂದ್ಸಲ ಓಡಿಸು" ಎನ್ನುವುದು, ಹಸಿರಾದ ಕೂಡಲೇ ಚಹಾಕ್ಕೆ ಹೋಗುವುದು. ಕಾಗೆಯ ಮೇಲೆ ಗೂಬೆ ಕೂರಿಸಿ ಎಲ್ಲರೂ ನೆಮ್ಮದಿಯಾಗಿದ್ದೆವು.

ನನ್ನ ನೆಮ್ಮದಿ ಕೆಟ್ಟದ್ದು ನನ್ನ ಗಂಡನ ದೆಸೆಯಿಂದ. ಕೊಟ್ರೇಶ ಕಲ್ಲುಪುಡಿ ಕಾರ್ಖಾನೆಯಲ್ಲಿ ದುಡಿದು ಶ್ವಾಸಕೋಶ ತುಂಬ ಕಲ್ಲಿನ ಧೂಳು ತುಂಬಿಕೊಂಡವನು. ಈಗ ಮೂಗಿಗೆ ಕೊಳವೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಆಸ್ಪತ್ರೆಯವರು ಒಬ್ಬರಿಗೆ ಒಂದೇ ಸಿಲಿಂಡರು ಕೊಡುತ್ತಾರೆ. ಅದು ಮುಗಿಯುವ ಹೊತ್ತಿಗೆ ತಳ್ಳುಗಾಡಿಯ ಮೌಲಾಲಿ ತುಂಬಿದ್ದನ್ನು ತಂದು ಖಾಲಿಯದನ್ನು ಒಯ್ಯಬೇಕು. ದಿನವೂ ಮಧ್ಯಾಹ್ನ ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಕಡೆ ಇಳಿಯುವುದನ್ನು ನೋಡುತ್ತ ನಾನು ಹೊಲಿಯುತ್ತೇನೆ. ಕಣ್ಣು ಮುಳ್ಳಿನ ಮೇಲೆ, ಕಿವಿ ಗಾಡಿಯ ಗಂಟೆಯ ಮೇಲೆ. ರವಿಕೆಯ ತೋಳು ಹಿಂದುಮುಂದಾದರೆ ಗಿರಾಕಿಗಳು ಈಗೀಗ ಬೈಯುವುದಿಲ್ಲ. "ಹೆಂಗಿದೀಯ?" ಎಂದು ಕೇಳಿದರೆ ಕೊಟ್ರೇಶ ಹೇಳುವುದು ಒಂದೇ ಮಾತು: "ಆರಾಮ್." ತುಟಿ ನೀಲಿಗಟ್ಟಿದ್ದರೂ ಆರಾಮ್, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಿದ್ದರೂ ಆರಾಮ್.

ಬಟ್ಟೆ ಒಣಹಾಕಲು ಹೋಗಿ ಹಾರ್ನು ಕೇಳಿಸಿಕೊಂಡ ಆ ಮಧ್ಯಾಹ್ನ ಮೌಲಾಲಿ ಬರಲಿಲ್ಲ. ಹಾರ್ನು ಕೂಡ ಸ್ವಲ್ಪ ಹೊತ್ತಿನಲ್ಲೇ ದೂರವಾಗಿ, ಬೀದಿ ಮತ್ತೆಲ್ಲಿಗೋ ತಿರುಗಿತು. ಫೋನ್ ಮಾಡಿದರೆ, "ಅಕ್ಕ, ನಾನು ಬಸ್ ಸ್ಟ್ಯಾಂಡ್ ಪಕ್ಕ ಇದೀನಿ, ಕೈಮರ ಇಲ್ಲೇ ಅಂತ ಕಳಿಸ್ತು, ನಿಮ್ಮ ಬೀದಿ ಇಲ್ಲಿಲ್ಲ" ಎಂದ. ಇಲ್ಲಿಲ್ಲ ಎಂದರೆ ಎಲ್ಲಿದೆ ಎಂದು ನನಗೂ ತಿಳಿಯದು. ಬಾಗಿಲಿಗೆ ಹೋಗಿ ನೋಡಿದರೆ ಎದುರಿಗೆ ಆಸ್ಪತ್ರೆಯ ಹಿಂದಿನ ಗೋಡೆ. ಅವನು ಸುತ್ತಿ ಬರುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದು ಕೂತಿತ್ತು. ಕೊಟ್ರೇಶನ ಎದೆ ತಿದಿಯಂತೆ ಏಳುತ್ತ ಬೀಳುತ್ತ ಇತ್ತು, ಉಗುರುಗಳು ನೇರಳೆಯಾಗಿದ್ದವು. ನಾನು ಅವನ ಬೆನ್ನು ನೀವುತ್ತ ದೇವರನ್ನೂ ಕೈಮರವನ್ನೂ ಒಂದೇ ಬಾಯಲ್ಲಿ ಬೈದೆ. ಮೌಲಾಲಿ ಬಂದು, ಕೊಳವೆ ಬದಲಿಸಿ, ಬಣ್ಣ ಮರಳಿದ ಮೇಲೆ ಕೊಟ್ರೇಶ ನನ್ನ ಮುಖ ನೋಡಿ "ಆರಾಮ್" ಎಂದ. ಅವನಿಗೆ ಹೊಡೆದುಬಿಡಬೇಕು ಅನ್ನಿಸಿತು.

ಮರುದಿನ ಟ್ಯಾಂಕಿನ ಕೋಣೆಗೆ ಹೋದೆ. ಶಾಲೆ ತೆರೆಯುವ ಮೊದಲು ಮಕ್ಕಳಿಗೆಂದು ಕೈಮರದ ಹೊಸ ಆವೃತ್ತಿ ಬಿಡಬೇಕೆಂದು ಎಲ್ಲರಿಗೂ ಅವಸರ. ಅಡ್ಡ ನಿಂತಿದ್ದು ಕಾಗೆ ಪರೀಕ್ಷೆಯೊಂದೇ.

"ಅದನ್ನ ತೆಗೆದುಬಿಡೋಣ ವನಜಕ್ಕ" ಎಂದ ಇಂದುಧರ, ತಲೆಯ ಮೇಲಿನ ಹಿಟ್ಟು ಕೊಡವುತ್ತ. "ಸುಳ್ಳು ಹೇಳೋ ಸಾಕ್ಷಿನ ಕೋರ್ಟಲ್ಲಿ ಯಾಕೆ ಇಟ್ಕೋಬೇಕು?"

"ನೆಗಡಿ ಆಯ್ತು ಅಂತ ಮೂಗು ಕುಯ್ಕೊಳ್ತಾರೇನಪ್ಪ? ನಿನ್ನೆ ಮೌಲಾಲಿ ದಾರಿ ತಪ್ಪಿದ್ದು ಕಾಗೆಯಿಂದಾನಾ?"

"ಅದು ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಯಾಗೈತೆ ಅಷ್ಟೆ. ಬೇಕಾದ್ರೆ ತೆಗೆಯೋದು ಬೇಡ, ಸ್ವಲ್ಪ ಕಾಯೋ ಹಂಗೆ ಮಾಡೋಣ. ದಾರಿ ಕೇಳಿ ಒಂದು ಚಹಾ ಕುಡಿಯೋ ಹೊತ್ತು ಬಿಟ್ಟು ಕ್ಯಾಮೆರಾ ನೋಡ್ಲಿ. ನಾನು ನೋಡೀನಿ, ಆವಾಗ ಹಸಿರೇ ಬರ್ತೈತೆ."

ಅಲ್ಲಿಯೇ ಕೂತು ಅವನು ಹೇಳಿದಂತೆ ಕಾಯುವ ಸಾಲು ಸೇರಿಸಿ ಓಡಿಸಿದೆ. ಹಸಿರು. ಮತ್ತೆ ಓಡಿಸಿದೆ, ಹಸಿರು. ಇಂದುಧರ ಕೈ ಮುಗಿದು ಗಿರಣಿಗೆ ಹೊರಟ. ನಾನು ಮಾತ್ರ ಹಸಿರು ದೀಪ ನೋಡುತ್ತ ಅಲ್ಲೇ ಕೂತೆ. ಪರೀಕ್ಷೆಯನ್ನು ಕಾಯಿಸಬಹುದು, ಮೌಲಾಲಿ ಕಾಯುವುದಿಲ್ಲ; ಕೈಮರ ಹೇಳಿದ ಕ್ಷಣ ಗಾಡಿ ತಳ್ಳಿಕೊಂಡು ಹೊರಡುತ್ತಾನೆ. ಕಾದರೆ ಸರಿಯಾಗುವ ಉತ್ತರ, ಕೇಳಿದ ಹೊತ್ತಿಗೆ ತಪ್ಪಾಗಿತ್ತು ಎಂದೇ ಅಲ್ಲವೇ? ಸೇರಿಸಿದ ಸಾಲನ್ನು ಅಳಿಸಿದೆ. ಹೊಲಿಗೆ ಬಿಚ್ಚುವಾಗಲೂ ಹೀಗೆಯೇ, ಮೇಲಿನ ಟಾಕು ಎಳೆದರೆ ಕೆಳಗೆ ಎಲ್ಲಿ ಸಿಕ್ಕಿದೆ ಎಂದು ಗೊತ್ತಾಗುತ್ತದೆ.

ಆ ವಾರವೆಲ್ಲ ಬಿಸಿಲು ಏರಿದ ಹೊತ್ತಿನಲ್ಲಿ ಮೌಲಾಲಿ ಬಂದು ಹೋದ ಮೇಲೆ ಕೋಣೆಗೆ ಬಂದು ಆ ಪರೀಕ್ಷೆಯೊಂದನ್ನೇ ಮತ್ತೆ ಮತ್ತೆ ಓಡಿಸಿದೆ. ಎಲ್ಲರೂ ಹಸಿರಿಗಾಗಿ ಓಡಿಸುತ್ತಿದ್ದರು, ನಾನು ಕೆಂಪಿಗಾಗಿ. ಹಾಳಾದ್ದು, ಬೇಡವಾದಾಗ ಬರುವ ಕೆಂಪು ಬೇಕಾದಾಗ ಬರಲೇ ಇಲ್ಲ. ಕೂತಲ್ಲಿ ಕೂರಲಾರೆ, ಮನೆಯಲ್ಲಿ ಕೊಟ್ರೇಶ ಒಬ್ಬನೇ ಎಂಬ ಚಿಂತೆ, ಇಲ್ಲಿ ಬಿಟ್ಟು ಹೋದರೆ ಹಿಂದೆಯೇ ಇಂದುಧರ ಪರೀಕ್ಷೆ ತೆಗೆದುಬಿಡುತ್ತಾನೆಂಬ ಚಿಂತೆ. ಮುಳ್ಳಿನ ಮೇಲೆ ಕೂತಂತೆ ಕೂತಿದ್ದೆ. ಕೊನೆಗೊಂದು ಮಧ್ಯಾಹ್ನ ಕೆಂಪು ದೀಪ ಹತ್ತಿತು. ಸೆರಗು ಸಿಕ್ಕಿಸಿಕೊಂಡು ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದೆ. ಎತ್ತರವೆಂದರೆ ನನಗೆ ಜೀವ ಹೋಗುವಷ್ಟು ಹೆದರಿಕೆ. ಕೆಳಗೆ ನೋಡದೆ, ಕಾಗೆ ಸಿಕ್ಕರೆ ಕತ್ತು ಹಿಸುಕಬೇಕೆಂದುಕೊಂಡು ಹತ್ತಿದೆ.

ಕ್ಯಾಮೆರಾದ ಮುಂದೆ ಕಾಗೆ ಇರಲಿಲ್ಲ. ಕಾಗೆಯ ಹಿಕ್ಕೆಯೂ ಇರಲಿಲ್ಲ. ಕೆಳಗೆ ನೋಡಿದೆ. ಬಯಲಿನ ನಡುವೆ ನಮ್ಮ ಬೀದಿ ಹೋಗುತ್ತಿತ್ತು. ಬೇವಿನ ಮರ, ಬಟ್ಟೆಯ ತಂತಿಗಳು, ಹಳೇ ಗಾಣದ ಕಲ್ಲು, ಎಲ್ಲವನ್ನೂ ಎಳೆದುಕೊಂಡು ಗಬ್ಬದ ಎಮ್ಮೆಯಂತೆ ನಿಧಾನವಾಗಿ. ಬೇರೆ ಬೀದಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಕೂರುತ್ತವೆ. ನಮ್ಮದು ಆ ಕಲ್ಲಿನ ಭಾರಕ್ಕೆ ಅನ್ನ ಬೇಯುವಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಮನೆಯೊಳಗೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಬೀದಿಯ ಬಾಯಲ್ಲಿ ಕಂಬ ಕಾಯುವ ನೀಲಗಂಗಮ್ಮ ನಿಂತಿದ್ದಳು. ನಮ್ಮ ಪಕ್ಕದ ಮನೆಯವಳು, ನಾನಿಲ್ಲದಾಗ ಕೊಟ್ರೇಶನಿಗೆ ಗಂಜಿ ಕುಡಿಸುವವಳು. ಫೋನ್ ಮಾಡಿದೆ. ಅವಳು ಸೆರಗಿನ ಗಂಟಿನಿಂದ ಫೋನ್ ಬಿಚ್ಚಿ ಕಿವಿಗಿಡುವುದು ಮೇಲಿನಿಂದ ಕಾಣುತ್ತಿತ್ತು.

"ನೀಲಗಂಗಮ್ಮ, ಎಲ್ಲಿದೀರಿ?"

"ಬಸ್ ಸ್ಟ್ಯಾಂಡ್ ಹತ್ರ ಬಂದ್ವಲ್ಲವ್ವ. ಆಗ್ಲೇ ಬಂದ್ವಿ, ಗುಂಡೀನೂ ಒತ್ತಾಯ್ತು."

ಬಯಲಿನ ಅರ್ಧ ದಾರಿಯಲ್ಲಿ ನಿಂತು, ಸುತ್ತ ಧೂಳೆದ್ದಿರುವಾಗ, ಆ ಹೆಂಗಸು ಬಂದಾಯಿತು ಎನ್ನುತ್ತಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೋಡುತ್ತಿದ್ದಂತೆ ಬಸ್ ನಿಲ್ದಾಣದ ಪಕ್ಕದ ಖಾಲಿ ಜಾಗಕ್ಕೆ ಮತ್ತೊಂದು ಬೀದಿ ಸರ್ರನೆ ಬಂದು ಕೂತಿತು. ಜಾಗ ತಪ್ಪಿದ ನಮ್ಮ ಬೀದಿ ಕ್ಷಣ ಯೋಚಿಸಿದಂತೆ ನಿಂತು, ಆಸ್ಪತ್ರೆಯ ಕಡೆ ತಿರುಗಿತು. ನೀಲಗಂಗಮ್ಮ ಮರದ ಕೈ ತಿರುಗಿಸಿ ಮತ್ತೆ ಗುಂಡಿ ಒತ್ತಿದಳು. ಮೌಲಾಲಿ ಅವತ್ತು ಬಸ್ ನಿಲ್ದಾಣದಲ್ಲಿ ಯಾಕೆ ನಿಂತಿದ್ದನೆಂದು ಆಗ ತಿಳಿಯಿತು. ಪರೀಕ್ಷೆ ಇಷ್ಟು ದಿನವೂ ನಿಜವನ್ನೇ ಹೇಳುತ್ತಿತ್ತು. ನಾವು ಅದನ್ನು ಸುಮ್ಮನಿರಿಸಿ ಮತ್ತೆ ಕೇಳುತ್ತಿದ್ದೆವು.

ಸಂಜೆ ನೀಲಗಂಗಮ್ಮನ ಜಗಲಿಯಲ್ಲಿ ಕೂತು ಕೇಳಿದೆ. ಬೈಯಬೇಕೆಂದೇ ಹೋಗಿದ್ದೆ.

"ನಿಂತ ಮೇಲೆ ಒತ್ತಬೇಕಲ್ವಾ? ಹೊರಟಾಗಲೇ ಒತ್ತಿದ್ರೆ ಹೆಂಗೆ?"

"ಎಲ್ಲ ಬೀದಿಯೋರೂ ಹಂಗೇ ಒತ್ತೋದು. ಎಲ್ಲಿದೀರಿ ಅಂದ್ರೆ ಬಂದ್ವಿ ಅನ್ನಬೇಕು, ಹೊರಟೀವಿ ಅನ್ನಬಾರ್ದು."

"ಯಾಕೆ ಅನ್ನಬಾರ್ದು?"

ಅವಳು ಕಾಳು ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಬಳೆಗಾರರ ಬೀದಿ ನಿನಗೆ ಗೊತ್ತಿಲ್ಲ, ನೀನು ಆಮೇಲೆ ಸೊಸೆಯಾಗಿ ಬಂದೋಳು. ಆಗ ಗುಂಡಿ ಇರಲಿಲ್ಲ, ಬಾಯಲ್ಲೇ ಕೂಗೋದು; ಅದರ ಕಂಬದವನು ಒಂದಿನ ಹೊರಟೀವಿ ಅಂತ ಕೂಗಿ ಹೇಳಿದ. ಹೊರಟಿದ್ದು ಎಲ್ಲೂ ಬಂದು ಕೂರಲಿಲ್ಲ. ನಮ್ಮಕ್ಕ ಆ ಬೀದಿಗೆ ಕೊಟ್ಟಿದ್ದೋಳು. ಇವತ್ತಿಗೂ ಬಂದಿಲ್ಲ ಕಣವ್ವ. ಬೀದಿ ನಡೆಯೋವಷ್ಟು ಹೊತ್ತೂ ನನ್ನ ಕೈ ಆ ಗುಂಡಿ ಮೇಲೇ ಇರ್ತೈತೆ. ತೆಗೆದ್ರೆ ಎಲ್ಲಿ ನಾವೂ ಹಂಗೇ ಹೋಗ್ಬಿಡ್ತೀವೋ ಅಂತ" ಎಂದಳು. ಬೈಯುವುದನ್ನು ಬಿಟ್ಟು ಮೊರವನ್ನು ಮಡಿಲಿಗೆಳೆದುಕೊಂಡು ಕಾಳು ಆರಿಸತೊಡಗಿದೆ. ಅವಳಿಗೂ ನನ್ನಷ್ಟೇ ಹೆದರಿಕೆ ಎಂದು ಇಷ್ಟು ವರ್ಷ ಗೋಡೆಯಾಚೆ ಇದ್ದೂ ನನಗೆ ತಿಳಿದಿರಲಿಲ್ಲ.

ಮನೆಗೆ ಬಂದು ಒಲೆಯ ಮೇಲೆ ಹಾಲಿಟ್ಟು ನಿಂತಾಗ ಅವಳ ಮಾತು ಮತ್ತೆ ತಲೆಗೆ ಬಂತು. ಕೈ ಗುಂಡಿಯ ಮೇಲೇ ಇರುತ್ತದೆ. ಹಾಗಾದರೆ ಯಾರೂ ಏನನ್ನೂ ಬೇರೆ ಹೇಳಬೇಕಾಗಿಲ್ಲ. ಹೊರಟಾಗ ಒತ್ತಲಿ, ರೂಢಿ ರೂಢಿಯಾಗಿಯೇ ಇರಲಿ; ಬೀದಿ ನಿಲ್ಲುವತನಕ ಒತ್ತಿಯೇ ಹಿಡಿಯಲಿ. ಕೈಮರ ಇಷ್ಟು ದಿನ ಒತ್ತಿದ್ದನ್ನು ಎಣಿಸುತ್ತಿತ್ತು, ಇನ್ನು ಬಿಟ್ಟದ್ದನ್ನು ಎಣಿಸಬೇಕು. ಒತ್ತಿರುವಷ್ಟು ಹೊತ್ತು ದಾರಿ ಕೇಳಿದವರಿಗೆ "ನಿಲ್ಲಿ, ಬೀದಿ ಇನ್ನೂ ಬರುತ್ತಿದೆ" ಎನ್ನಬೇಕು. ಹಾಲು ಉಕ್ಕಿ ಒಲೆ ಆರಿತು. ಕೊಟ್ರೇಶ ಮಂಚದಿಂದಲೇ, "ಸಾಫ್ಟ್‌ವೇರಿನೋಳನ್ನ ಕಟ್ಕೊಂಡೋನಿಗೆ ಗಂಜಿಯೇ ಗತಿ" ಎಂದು ನಕ್ಕು ಕೆಮ್ಮಿದ.

ತಿದ್ದಿದ ಕೋಡನ್ನು ಟ್ಯಾಂಕಿನ ಕಂಪ್ಯೂಟರಿಗೆ ಹಾಕಿ, ಕಂಬ ಕಾಯುವವರಿಗೆಲ್ಲ ಒತ್ತಿ ಹಿಡಿಯಲು ಹೇಳಿ ಪರೀಕ್ಷೆ ಓಡಿಸಿದೆವು. ಬೀದಿ ಕೂತಿದ್ದಾಗ ಹಸಿರು. ನಡೆಯುತ್ತಿದ್ದಾಗ ಕೈಮರ ನಿಲ್ಲಿ ಎಂದಿತು, ಕ್ಯಾಮೆರಾವೂ ಬೀದಿ ಬಯಲಲ್ಲಿರುವುದನ್ನು ಕಂಡಿತು, ಆಗಲೂ ಹಸಿರು. ಇಂದುಧರ ದಿನಗಟ್ಟಲೆ ಓಡಿಸಿದ. ಕೆಂಪು ಬರದೇ ಇದ್ದದ್ದು ಅವನಿಗೆ ಸರಿಬೀಳಲಿಲ್ಲ. "ಬರೀ ಹಸಿರೇ ಬರ್ತೈತಲ್ಲ ಅಕ್ಕ, ಏನೋ ಕೆಟ್ಟಿರಬೇಕು" ಎಂದು ದೀಪ ಬಿಚ್ಚಿ ನೋಡಿದ. ಆಮೇಲೆ ಗಂಭೀರವಾಗಿ, "ನಿಲ್ಲು ಅಂತ ಹೇಳೋ ಕೈಮರ ಯಾರಿಗೆ ಬೇಕು? ತಪ್ಪಾದರೂ ದಾರಿ ಹೇಳಿದ್ರೆ ಜನ ನಡೀತಾರೆ. ನಾಳೆ ನಿನ್ನ ಗಂಡನ ಗಾಡೀನೇ ನಿಂತ್ರೆ ಏನ್ ಮಾಡ್ತೀಯ?" ಎಂದ. ಅದೇ ಪ್ರಶ್ನೆ ನನ್ನನ್ನೂ ಕೊರೆಯುತ್ತಿತ್ತು. ಆದರೂ ಸೇರಿಸಿಕೋ ಎಂದಷ್ಟೇ ಹೇಳಿದೆ. ಅವನು ಸೇರಿಸಿಕೊಂಡ.

ಹೊಸ ಕೈಮರ ಎಲ್ಲರ ಫೋನಿಗೂ ಹೋದ ಮೇಲೆ ಅವನು ಕೇಳಿದ ಮಧ್ಯಾಹ್ನ ಬಂದೇ ಬಂತು. ಮುಳ್ಳು ಕೆಂಪು ಗೆರೆ ದಾಟಿತ್ತು. ಮೌಲಾಲಿ ಆಸ್ಪತ್ರೆಯಿಂದ ಹೊರಟಾಗಿತ್ತು. ಅಷ್ಟರಲ್ಲಿ ಕಿಟಕಿಯ ನೆರಳು ಗೋಡೆಯ ಮೇಲೆ ಸರಿಯಿತು, ಕೆರೆಯ ಪಕ್ಕದಲ್ಲಿದ್ದ ಬೀದಿ ಎದ್ದಿತ್ತು. ಓಡಿ ಬೀದಿಯ ಬಾಯಿಗೆ ಹೋದೆ. ನೀಲಗಂಗಮ್ಮ ಮರದ ಕೈಯನ್ನು ಬಸ್ ನಿಲ್ದಾಣದ ಕಡೆ ತಿರುಗಿಸಿ ಗುಂಡಿ ಒತ್ತಿ ಹಿಡಿದಿದ್ದಳು. ಫೋನ್ ಬಡಿದುಕೊಂಡಿತು.

"ಅಕ್ಕ, ಕೈಮರ ನಿಲ್ಲು ಅಂತೈತೆ. ಕೆರೆ ಏರಿ ಹತ್ರ ನಿಂತೀನಿ. ಅಂದಾಜಿನ ಮೇಲೆ ಬಸ್ ಸ್ಟ್ಯಾಂಡಿಗೆ ನಡೀಲಾ?"

ಹಿಂದೆ ಮನೆಯೊಳಗಿಂದ ಕೊಟ್ರೇಶನ ಉಸಿರು ಬೀದಿಗೇ ಕೇಳುತ್ತಿತ್ತು, ಗರಗಸ ಎಳೆದಂತೆ. ನಡಿ ಎಂದರೆ ಅವನು ನಡೆಯುತ್ತಾನೆ, ಗಾಡಿ ಅಲುಗುತ್ತದೆ, ಏನೋ ಒಂದು ಆಗುತ್ತಿದೆ ಎಂದು ನನ್ನ ಜೀವಕ್ಕೆ ಸಮಾಧಾನವಾಗುತ್ತದೆ. ನಿಂತಿರುವುದಕ್ಕಿಂತ ತಪ್ಪು ದಾರಿಯಲ್ಲಿ ಓಡುವುದೇ ಹಿತ ಎಂದು ನನಗೆ ಆ ಹೊತ್ತು ನಿಜವಾಗಿಯೂ ಅನ್ನಿಸಿತು.

"ಅಲ್ಲೇ ನಿಂತ್ಕೋ ಮೌಲಾಲಿ" ಎಂದೆ.

"ಕೈ ಜೋಮು ಹಿಡಿದೈತೆ" ಎಂದಳು ನೀಲಗಂಗಮ್ಮ. ಅವಳ ಕಣ್ಣು ನನ್ನ ಮನೆಯ ಬಾಗಿಲ ಕಡೆಗೇ ಇತ್ತು. "ಕೊಟ್ರೇಶಿ ಉಸಿರು ಕೇಳೋಕಾಗ್ತಿಲ್ಲ ಕಣೆ. ಬಿಟ್ಟುಬಿಡ್ಲಾ? ಬಂದ್ವಿ ಅಂದ್ರೆ ಅವನು ಹೊರಡ್ತಾನೆ."

"ಬಿಡಬ್ಯಾಡಿ." ಅವಳ ಕೈಯ ಮೇಲೆ ನನ್ನ ಕೈಯನ್ನೂ ಇಟ್ಟು ಒತ್ತಿದೆ. ಬಸ್ ನಿಲ್ದಾಣ ಹತ್ತಿರವಾಯಿತು. ಪಕ್ಕದ ಜಾಗದಲ್ಲಿ ಬುಟ್ಟಿ ಹೆಣೆಯುವವರ ಬೀದಿ ಕಾಲು ಚಾಚಿ ಕೂತಿತ್ತು. ನಮ್ಮ ಬೀದಿ ನಿಂತಿತು, ಯೋಚಿಸಿತು, ಬಂದ ದಾರಿಗೇ ತಿರುಗಿತು. ನೀಲಗಂಗಮ್ಮ ಕಣ್ಣು ಮುಚ್ಚಿ ಅಕ್ಕನ ಹೆಸರೋ ದೇವರ ಹೆಸರೋ ಹೇಳಿಕೊಳ್ಳುತ್ತಿದ್ದಳು. ಬಯಲು ದಾಟಿತು. ನೀರಿನ ವಾಸನೆ ಬಂತು. ಗಾಣದ ಕಲ್ಲು ಒಮ್ಮೆ ನರಳಿ ಸುಮ್ಮನಾಯಿತು. ಇಬ್ಬರೂ ಕೂಡಿ ಮರದ ಕೈಯನ್ನು ಕೆರೆಯ ಕಡೆ ತಿರುಗಿಸಿ ಗುಂಡಿ ಬಿಟ್ಟೆವು. ಬಿಟ್ಟ ಮರುಕ್ಷಣವೇ ಗಾಡಿಯ ಗಂಟೆ ಕೇಳಿಸಿತು. ಮೌಲಾಲಿ ಎದುರಿಗೇ ಇದ್ದ, ಏರಿಯ ಮೇಲೆ, ನಿಂತಲ್ಲೇ ನಿಂತು.

ಕೊಳವೆ ಬದಲಾಯಿತು. ಮುಳ್ಳು ಮೇಲೆ ಹೋಯಿತು. ಮೌಲಾಲಿ ಖಾಲಿ ಸಿಲಿಂಡರು ಒಯ್ದ ಮೇಲೆ ಮನೆಯಲ್ಲಿ ಗಾಳಿಯ ಸುಯ್ಯೆಂಬ ಸದ್ದೊಂದೇ ಉಳಿಯಿತು. ಕೊಟ್ರೇಶನ ಉಗುರುಗಳಿಗೆ ಬಣ್ಣ ಮರಳುವುದನ್ನು ನೋಡುತ್ತ ನಿಂತು, ಅಭ್ಯಾಸದ ಮೇಲೆ ಕೇಳಿದೆ.

"ಹೆಂಗಿದೀಯ?"

ಅವನ ಬಾಯಿ ತೆರೆಯಿತು. ಆ ಮಾತು ತುದಿನಾಲಿಗೆಯವರೆಗೆ ಬಂದದ್ದು ನನಗೆ ಕಂಡಿತು. ಆದರೆ ಅವನು ಕೈ ಎತ್ತಿ "ಇರು" ಎಂಬಂತೆ ಸನ್ನೆ ಮಾಡಿದ. ಉಸಿರು ತಹಬಂದಿಗೆ ಬರುವತನಕ ನಾನು ನಿಂತೇ ಇದ್ದೆ.

"ಆರಾಮಿಲ್ಲ ಕಣೆ" ಎಂದ. "ಭಾಳ ದಿನದಿಂದ ಆರಾಮಿಲ್ಲ. ಮಧ್ಯಾಹ್ನ ಆಗ್ತಿದ್ದಂಗೆ ಹೆದ್ರಿಕೆ ಆಗ್ತೈತೆ."

"ನನಗೂ" ಎಂದೆ.

ಮಂಚದ ಅಂಚಿಗೆ ಕೂತು ಅವನ ಕೈ ಹಿಡಿದುಕೊಂಡೆ. ಹೊರಗೆ ನೀಲಗಂಗಮ್ಮ ತೋಳು ನೀವಿಕೊಳ್ಳುತ್ತ, ಕೆರೆಗೆ ಬಂದೆವು, ನೀರು ತುಂಬಿಕೊಳ್ಳಿ ಎಂದು ಬೀದಿಯವರಿಗೆ ಕೂಗಿ ಹೇಳುತ್ತಿದ್ದಳು. ಮೆಷೀನಿನ ಸೂಜಿಯ ಕೆಳಗೆ ಯಾರದೋ ಮದುವೆಯ ರವಿಕೆ ಅರ್ಧಕ್ಕೆ ನಿಂತಿತ್ತು. ನಾಳೆ ಹೊಲಿದರಾಯಿತು ಎಂದುಕೊಂಡು ಅಲ್ಲೇ ಕೂತಿದ್ದೆ.